ಧಣಿಗಳು ಪಟ್ಟಿಯ ಮೇಲೆ ಕೂತದ್ದು

ಎದುರಿನ ಫ್ಲ್ಯಾಟಿನಲ್ಲಿ ಮರಗೆಲಸ ನಡೆದಿದೆ. ಪ್ಲೈವುಡ್ ಕೊಯ್ಯುವಾಗ ಏಳುವ ಸುಟ್ಟ ಅಂಟಿನ ವಾಸನೆ ನಮ್ಮ ಅಡುಗೆಮನೆಗೂ ಬಂತು. ಹೋಗಿ ನೋಡಿದೆ. ಹಲಗೆಗೆ ಅಡ್ಡವಾಗಿ ಅಲ್ಯೂಮಿನಿಯಮ್ಮಿನ ಹಳಿ. ಅದರ ಮೇಲೆ ಗರಗಸ ನಮ್ಮ ಮುಂಬಯಿಯ ಲೋಕಲ್ ಗಾಡಿಗಿಂತ ನೆಟ್ಟಗೆ ಓಡುತ್ತಿತ್ತು.

ನಿಮಗೆ ಈ ವಾಸನೆಯಿಂದ ಹೊಸ ಕಪಾಟು ನೆನಪಾಗಬಹುದು. ನನಗೆ ಎಪ್ಪತ್ತರ ದಶಕದ ಅಂಧೇರಿಯ ಒಂದು ಹೋಟೆಲು. ನಾನಲ್ಲಿ ದುಡ್ಡು ಎಣಿಸುತ್ತ ಗಲ್ಲಾದಲ್ಲಿ ಕೂರುತ್ತಿದ್ದೆ. ಉಡುಪಿ ಕಡೆಯ ನಮ್ಮ ಧಣಿಗಳಿಗೆ ಇಡ್ಲಿಯೊಂದನ್ನು ಬಿಟ್ಟು ಎಲ್ಲದರ ಮೇಲೂ ಅಭಿಪ್ರಾಯವಿತ್ತು. ಇಡ್ಲಿಯನ್ನು ಅಡುಗೆ ಭಟ್ಟರಿಗೆ ಬಿಟ್ಟದ್ದರಿಂದ ಹೋಟೆಲು ನಡೆಯುತ್ತಿತ್ತು.

ಆ ವರ್ಷ ಅವರಿಗೆ ಫ್ಯಾಮಿಲಿ ರೂಮಿನ ಹುಚ್ಚು ಹಿಡಿಯಿತು. ಪ್ಲೈವುಡ್ಡಿನ ಅಡ್ಡಗೋಡೆ ಹಾಕಲು ಹುಸೇನ್‌ಸಾಬರನ್ನು ಕರೆಸಿದರು. ವಿಜಾಪುರದ ಕಡೆಯ ಬಡಗಿ. ಸಿನಿಮಾ ಸೆಟ್ಟಿನಲ್ಲಿ ಕೆಲಸ, ಕುರ್ಲಾದ ಚಾಳಿನಲ್ಲಿ ದೊಡ್ಡ ಸಂಸಾರ. ಮನೆ ನಡೆಯುತ್ತಿದ್ದದ್ದು ಆ ಎರಡು ಕೈಗಳಿಂದ. ಸ್ಟುಡಿಯೋದಿಂದ ಕರೆಂಟಿನ ಗರಗಸ ಕೇಳಿ ತಂದಿದ್ದರು. ಆಗ ಈ ಹಳಿಗಳೆಲ್ಲಿ? ನೇರವಾದ ಸಾಗುವಾನಿ ಪಟ್ಟಿಯನ್ನು ಹಲಗೆಯ ಮೇಲಿಟ್ಟು, ಎರಡು ತುದಿಗೂ ಶಿಕಂಜ, ಅಂದರೆ ತಿರುಪಿನ ಕ್ಲ್ಯಾಂಪು, ಬಿಗಿದು, ಅದಕ್ಕೆ ಒತ್ತಿ ಗರಗಸ ನಡೆಸುವುದು.

ಅಂದು ಒಂದು ಶಿಕಂಜದ ತಿರುಪು ಸವೆದು ಹಿಡಿಯದಾಯಿತು. ಬೇರೆ ತರುತ್ತೇನೆಂದು ಸಾಬರು ಎದ್ದರು. ಧಣಿಗಳಿಗೆ ಅಷ್ಟು ತಾಳ್ಮೆ ಎಲ್ಲಿಯದು? ಹಲಗೆಯನ್ನು ಗಿರಾಕಿಗಳು ಕೂರುವ ಬೆಂಚುಗಳ ಮೇಲೆ ಹಾಸಿದ್ದರು. ಪಂಚೆ ಸರಿಮಾಡಿಕೊಂಡು ಪಟ್ಟಿಯ ತುದಿಯ ಮೇಲೆ ಕೂತೇಬಿಟ್ಟರು.

"ಕೊಯ್ಯಿ ಮಾರಾಯ. ನಾನು ಕೂತರೆ ಎಬ್ಬಿಸಲಿಕ್ಕೆ ನನ್ನ ಹೆಂಡತಿಗೂ ಆಗುವುದಿಲ್ಲ."

"ಅಳ್ಳಾಡಬ್ಯಾಡ್ರಿ ಸಾವ್ಕಾರ್ರ," ಎಂದರು ಸಾಬರು. "ಪಟ್ಟಿ ಸರದ್ರ ಗರಗಸ ನನ್ನ ಕೈಗೇ ಬರತೈತಿ."

ಗರಗಸ ಅರ್ಧ ದಾರಿ ಹೋಗಿತ್ತು. ಬಾಗಿಲಲ್ಲಿ ಯಾರೋ ಒಬ್ಬರು ಕಾಣಿಸಿಕೊಂಡರು. ಗಿರಾಕಿ ಕಂಡರೆ ನಮ್ಮ ಧಣಿಗಳು ಊಟದ ಎಲೆಯಿಂದಲೂ ಏಳುತ್ತಿದ್ದರು. ಆ ವಿನಯಕ್ಕೆ ಅಂಧೇರಿಯಲ್ಲೆಲ್ಲ ಹೆಸರು.

ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಮೊದಲು ಧಣಿಗಳು ಕೈ ಮುಗಿದು ಎದ್ದರು. ಆಮೇಲೆ ಪಟ್ಟಿ ಸರಿಯಿತು. ಆಮೇಲೆ ಗರಗಸ ಹಲಗೆಯಿಂದ ಹಾರಿ, ಪಟ್ಟಿಯನ್ನು ಒತ್ತಿಹಿಡಿದಿದ್ದ ಎಡಗೈಯ ಮೇಲೆ ಬಿತ್ತು. ಕೂಗು ಕೇಳಿಸಿದ್ದು ಅದರ ನಂತರ. ಬಾಗಿಲಲ್ಲಿದ್ದವನಿಗೆ ಬೇಕಾಗಿದ್ದದ್ದು ಸ್ಟೇಷನ್ನಿನ ದಾರಿ.

ಹೆಬ್ಬೆರಳು ಉಳಿಯಲಿಲ್ಲ. ಉಳಿ ಹಿಡಿಯಲಾಗದೆ ಸಾಬರು ಸೆಟ್ಟಿನ ಕೆಲಸ ಬಿಟ್ಟು ಕುರ್ಲಾದಲ್ಲಿ ಕುರ್ಚಿಗಳಿಗೆ ಪಾಲಿಶ್ ಹಚ್ಚತೊಡಗಿದರು. ಇತ್ತ ಧಣಿಗಳು ಬಂದವರಿಗೆಲ್ಲ ಮೇಸ್ತ್ರಿಯ ಕೈ ಜಾರಿತೆಂದು ಮರುಗಿ ಹೇಳುತ್ತಿದ್ದರು. ಒಂದು ದಿನ, ಹತ್ತು ಜನರ ಎದುರಿಗೆ, ನನ್ನ ಬಾಯಿ ತಡೆಯಲಿಲ್ಲ.

"ಕೈ ಜಾರಲಿಲ್ಲ ಧಣಿ. ನೀವು ಎದ್ದಿರಿ."

ಅವರಿಗೆ ಸಿಟ್ಟು ಬರಲಿಲ್ಲ, ನಿಜವಾಗಿಯೂ ಆಶ್ಚರ್ಯವಾಯಿತು.

"ಗಿರಾಕಿ ಬಂದಾಗ ಕೂತೇ ಇರುವ ಹೋಟೆಲಿನವ ಉಂಟಾ?"

ಹತ್ತು ಜನವೂ ತಲೆಯಾಡಿಸಿದರು. ಆ ತಿಂಗಳ ಕೊನೆಗೆ ಗಲ್ಲಾದಲ್ಲಿ ಅವರ ಭಾವಮೈದುನ ಕೂತಿದ್ದ.

ಇಂದು ಎದುರಿನ ಫ್ಲ್ಯಾಟಿನಲ್ಲಿ ನಿಂತಿರುವಾಗ ಹಿಂದಿನಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ಮಗಳ ಮಾವನವರು, ಪವಾಯಿಯಿಂದ ಬಂದಿದ್ದರು. ಗರಗಸ ಹಲಗೆಯ ನಡುವೆ ಇತ್ತು. ನಾನು ತಿರುಗಲಿಲ್ಲ. ಅದು ಅಂಚು ದಾಟಿ, ಸದ್ದು ಪೂರ್ತಿ ನಿಂತು, ಬಡಗಿ ಹುಡುಗ ಎರಡೂ ಕೈ ಎತ್ತಿಕೊಂಡ ಮೇಲೆ ಬನ್ನಿ ಎಂದೆ.

ಬೀಗರ ಮುಖ ಸಪ್ಪಗಿತ್ತು. ಇರಲಿ.