ಧೋಬಿ ಕೊಟ್ಟ ಕೇರುಬೀಜ

ಪುಣೆಯ ಆಸ್ಪತ್ರೆಯಲ್ಲಿ ನಾನು ಮೇಟ್ರನ್ ಆಗಿದ್ದಾಗ, ಕಾನ್ವೆಂಟಿನಲ್ಲಿ ಕಲಿತ ಶಿಸ್ತನ್ನು ವಾರ್ಡಿನಲ್ಲಿ ಒಂದಿಷ್ಟೂ ಸಡಿಲ ಬಿಟ್ಟವಳಲ್ಲ. ಅಂಥ ವಾರ್ಡಿನಲ್ಲಿ, ಎದೆಯ ಕ್ಯಾನ್ಸರ್ ಗಡ್ಡೆಯ ಆಪರೇಷನ್ನಿಗೆ ಅಣಿಮಾಡಲು ಧಾರವಾಡ ಕಡೆಯ ಗಂಗವ್ವನ ಕುಪ್ಪಸ ಬಿಚ್ಚಿಸಿದೆ. ಚರ್ಮವೆಲ್ಲ ಸುಟ್ಟು ಕಪ್ಪಾಗಿ ಬೊಬ್ಬೆ ಎದ್ದಿತ್ತು.

"ಏನು ಹಚ್ಚಿಕೊಂಡೆ?"

"ಕೇರುಬೀಜದ ಎಣ್ಣಿರಿ, ಬಾಯಾರ. ಗಡ್ಡಿ ಸುಟ್ಟು ಹೋಗ್ತದಂತ. ಬೀಜಾ ನಿಮ್ಮ ಧೋಬಿನ ಕೊಟ್ಟಾನ."

ನಮ್ಮ ಚಾದರಗಳಿಗೆ ಅಳಿಸದ ಗುರುತು ಹಾಕಲು ಅವನು ಬಳಸುತ್ತಿದ್ದ ಬೀಜ ಅದು.

"ಉರಿಯಲಿಲ್ಲವೇ?"

"ಗಡ್ಡಿ ಎಂದೂ ನೋಯಲಿಲ್ರಿ. ಈಗ ಉರೀತದ ಅಂದ್ರ ಔಷಧ ಹತ್ತೇದ."

ಆಪರೇಷನ್ ಮಾಡಬೇಕಿದ್ದ ಡಾಕ್ಟರರನ್ನು ಕರೆಸಿ, ಅವರು ಗದರಿಸುತ್ತಾರೆಂದು ಕಾದೆ. ಅವರು ಬಗ್ಗಿ ನೋಡಿ, "ಈ ಬೀಜದಾಗ ಏನೋ ಗುಣ ಇದ್ದೀತು ಅಂತ ನನಗೂ ಅನಸ್ತದವ್ವಾ. ಆದರ ಅದನ್ನ ಮೊದಲ ಲ್ಯಾಬಿನ ಬಾಟಲಿಯೊಳಗ ಪರೀಕ್ಷಾ ಮಾಡಿ ನೋಡಬೇಕು, ನಿನ್ನ ಎದಿ ಮ್ಯಾಲಲ್ಲ" ಎಂದರು.

ಗಂಗವ್ವ ಮೊದಲ ಮಾತನ್ನಷ್ಟೇ ಹಿಡಿದು, "ಕೇಳಿದ್ರಿಲ್ರಿ, ಬಾಯಾರ?" ಎಂದಳು.

ಚರ್ಮ ಮಾಯುವ ತನಕ ಆಪರೇಷನ್ ನಿಂತಿತು. ಗಡ್ಡೆ ಮಾತ್ರ ನಿಲ್ಲುವುದಿಲ್ಲವೆಂದು ಡಾಕ್ಟರರಿಗೂ ನನಗೂ ಗೊತ್ತಿತ್ತು. ಇನ್ನು ಯಾರೂ ಹಚ್ಚಿಕೊಳ್ಳದಿರಲೆಂದು ಧೋಬಿಯ ಹತ್ತಿರವಿದ್ದ ಬೀಜಗಳನ್ನೆಲ್ಲ ತರಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕೀಲಿ ಕೇಳಿಕೊಂಡು ಮೊದಲು ಬಂದವರು ಡಾಕ್ಟರರೇ.