ಎಪ್ಪತ್ತನಾಲ್ಕರಿಂದ ಭಾಗಿಸಿದ ಬೆಳಕು

ಕೋಣೆಯೊಳಗೆ ದೀಪದಡಿ ಸಸಿ ಬೆಳೆಸುವ ವಿದ್ಯೆಯನ್ನು ಕೋಲಾರ ಸೀಮೆಯಲ್ಲಿ ಬೇರೂರಿಸಿದವರ ಪೈಕಿ ಮೊದಲು ಸ್ಮರಿಸಬೇಕಾದವರು ಶ್ರೀಮತಿ ಗಂಗಾಲಕ್ಷ್ಮಿಯವರು. ಮುಳಬಾಗಿಲಿನ ಸಸಿ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ಲಕ್ಸ್ ಮೀಟರು ಅಳೆಯುವುದು ಮನುಷ್ಯನ ಕಣ್ಣಿಗೆ ತೋರುವ ಬೆಳಕನ್ನು. ಗಿಡಕ್ಕೆ ಒದಗುವ ಬೆಳಕಿನ ಲೆಕ್ಕವೇ ಬೇರೆ. ಟ್ಯೂಬ್‌ಲೈಟಾದರೆ ಮೀಟರಿನ ಅಂಕಿಯನ್ನು ಎಪ್ಪತ್ತನಾಲ್ಕರಿಂದ ಭಾಗಿಸಬೇಕೆಂದು ಕೋಷ್ಟಕ ಬರೆದು ಗೋಡೆಗೆ ಅಂಟಿಸಿದವರು ಅವರೇ. ಆ ಕೋಷ್ಟಕ ಇಪ್ಪತ್ತು ವರ್ಷ ಯಾರನ್ನೂ ಕೈಬಿಡಲಿಲ್ಲ.

ಮುಂದಿನದನ್ನು ಬಿಟ್ಟು ಬರೆಯಬಾರದೆಂದು ಅವರೇ ತಾಕೀತು ಮಾಡಿದ್ದಾರೆ. ಮೂರು ವರ್ಷಗಳ ಹಿಂದೆ ಕೇಂದ್ರಕ್ಕೆ ಕೆಂಪು-ನೀಲಿ ಎಲ್‌ಇಡಿ ದೀಪಗಳು ಬಂದವು. ಆ ಬಣ್ಣಗಳ ಬೆಳಕನ್ನು ಲಕ್ಸ್ ಮೀಟರು ಇದ್ದುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಹಳೆಯ ಕೋಷ್ಟಕ ಕೀಳಬೇಕೆಂದು ತಿಳಿದಿದ್ದರೂ, ತಾಯಿಯ ತಿಥಿಗೆ ಹೊರಡುವ ಗಡಿಬಿಡಿಯಲ್ಲಿ ಅವರು ಮರೆತರು. ಗುತ್ತಿಗೆ ನೌಕರ ಕದಿರೇಶ್ ಕೋಷ್ಟಕ ನಂಬಿ, ಬೆಳಕು ಸಾಲದೆಂದು ದೀಪಗಳನ್ನು ಹೆಚ್ಚಿಸಿ ಕೆಳಗಿಳಿಸಿದರು. ಗಂಗಾಲಕ್ಷ್ಮಿಯವರು ಮರಳುವ ಹೊತ್ತಿಗೆ ರಾಯಲ್ಪಾಡಿನ ರೈತ ಮಹಿಳೆ ಅಂಜಮ್ಮನವರಿಗೆ ಹೋಗಬೇಕಿದ್ದ ಟೊಮ್ಯಾಟೊ ಸಸಿಗಳೆಲ್ಲ ಬಿಳಿಚಿ ಸುಟ್ಟಿದ್ದವು.

“ಚಾರ್ಟ್ ನೋಡ್ಕೊಂಡೇ ಮಾಡ್ದೆ ಮೇಡಂ,” ಎಂದರು ಕದಿರೇಶ್.

“ತಪ್ಪು ನಿಂದಲ್ಲಪ್ಪ. ಚಾರ್ಟ್ ನಂದು.”

ಅದನ್ನೇ ಬರೆದು ಮೇಲಧಿಕಾರಿಗಳಿಗೆ ಕೊಟ್ಟರು. ಅವರ ಬಡ್ತಿ ನಿಂತಿತು. ಆದರೂ ಕದಿರೇಶರ ಕೆಲಸ ಉಳಿಯಲಿಲ್ಲ. ಗಂಗಾಲಕ್ಷ್ಮಿಯವರು ಬಸ್ಸು ಹಿಡಿದು ರಾಯಲ್ಪಾಡಿಗೆ ಹೋಗಿ, ಅಂಜಮ್ಮನವರ ಎದುರು ನಿಂತು ತಪ್ಪೊಪ್ಪಿಕೊಂಡರು.

“ಈ ಮಾತು ಹೇಳಕ್ಕೆ ಇಷ್ಟು ದೂರ ಬಂದ್ಯಾ ತಲ್ಲೀ? ಈ ಸಲ ಹೊಲ ಬೀಳು ಬಿಡ್ತೀನಿ. ಕೂತ್ಕೊ, ನೀರು ಕುಡಿ,” ಎಂದರಂತೆ ಆಕೆ. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತೆಂದು ಗಂಗಾಲಕ್ಷ್ಮಿಯವರು ಇಂದಿಗೂ ಹೇಳುತ್ತಾರೆ.

ಅಲ್ಲಿಂದಾಚೆಗೆ ಅವರಿಗೆ ಭಾನುವಾರವೆಂಬುದಿಲ್ಲ. ಗಿಡದ ಬೆಳಕನ್ನೇ ನೇರ ಅಳೆಯುವ ಮೀಟರೊಂದನ್ನು ಸ್ವಂತಕ್ಕೆ ಕೊಂಡು, ಮಾಲೂರಿನಿಂದ ಶ್ರೀನಿವಾಸಪುರದವರೆಗೆ ಒಂದೊಂದು ನರ್ಸರಿಗೂ ಹೋಗಿ, ದೀಪದೀಪಕ್ಕೂ ಬೇರೆ ಬೇರೆ ಭಾಜಕ ಬರೆದುಕೊಟ್ಟರು. ಕಳೆದ ವರ್ಷ ಕೇಂದ್ರದಲ್ಲಿ ಮತ್ತೆ ಜಾಗ ಖಾಲಿಯಾದಾಗ, ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದ ಕದಿರೇಶರನ್ನು ಹುಡುಕಿಕೊಂಡು ಹೋದರು.

“ಬ್ಯಾಡ ಮೇಡಂ. ಆ ರೂಮು ನೆನೆಸ್ಕೊಂಡ್ರೇ ಎದೆ ಹೊಡ್ಕೊಳ್ತದೆ. ನಿಮ್ಮೇಲೆ ಸಿಟ್ಟಿಲ್ಲ.”

ಗಂಗಾಲಕ್ಷ್ಮಿಯವರು ಒಬ್ಬರೇ ಮರಳಿದರು. ಆ ಜಾಗ ಇನ್ನೂ ಖಾಲಿಯೇ ಇದೆ. ಬರುವ ತಿಂಗಳಿಂದ ಅವರದೂ.

ನೋವನ್ನು ಮುಚ್ಚಿಡದೆ ಕೆಲಸ ಮುಂದುವರಿಸಿದ ಈ ಹಿರಿಯ ಜೀವಕ್ಕೆ ಆಯುರಾರೋಗ್ಯ ತುಂಬಿ ಬರಲಿ. ನಿವೃತ್ತಿಯ ಮರುದಿನವೇ ದೇವರಾಯಸಮುದ್ರದ ನರ್ಸರಿಯೊಂದರಲ್ಲಿ ಹೊಸ ದೀಪ ಅಳೆಯಲು ಅವರು ಒಪ್ಪಿಕೊಂಡಿದ್ದಾರೆ.