ನಾನು ಮಾಡದ ಉಪವಾಸ

ಇದನ್ನು ಬರೆಯಬೇಕೆಂದು ಮೂರು ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಮೊದಲು ಕಣ್ಣಿನ ಆಪರೇಷನ್ ಆಗಲಿ ಎಂದೆ, ಆಮೇಲೆ ಮೊಮ್ಮಗಳ ಮದುವೆ ಮುಗಿಯಲಿ ಎಂದೆ. ಎರಡೂ ಮುಗಿದವು. ಇನ್ನು ನೆಪ ಉಳಿದಿಲ್ಲ. ನಾನು ಒಬ್ಬ ಹೆಂಗಸಿಗೆ ಅನ್ಯಾಯ ಮಾಡಿದ್ದೇನೆ. ಅವಳೆದುರು ನಿಂತು ತಪ್ಪಾಯಿತು ಎಂದು ಇವತ್ತಿನವರೆಗೂ ಹೇಳಿಲ್ಲ. ಅವಳು ನನಗೆ ಏನಾಗಬೇಕು ಎಂಬುದನ್ನೂ ಮುಚ್ಚಿಟ್ಟಿದ್ದೆ. ಈ ಬರಹ ಮುಗಿಯುವುದರೊಳಗೆ ಅದನ್ನು ಬರೆಯುತ್ತೇನೆ. ಬರೆಯದೆ ಪೆನ್ನು ಕೆಳಗಿಡುವುದಿಲ್ಲ.

ನಾನು ಭಾಲ್ಕಿಯಲ್ಲಿ ಹತ್ತನೇ ತರಗತಿಯವರೆಗೆ ಓದಿದವನು. ಬೀದರಿನ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಟೆಂಡರ್ ಆಗಿದ್ದು ನಿವೃತ್ತನಾದೆ. ನೌಬಾದದಲ್ಲಿ ಮನೆ ಕಟ್ಟಿಸಿದೆ. ಚರ್ಚಿನಲ್ಲಿ ಹಿರಿಯ ಎನಿಸಿಕೊಂಡೆ. ಪ್ರಾರ್ಥನೆಗೆ ಎದ್ದು ನಿಂತರೆ ಹತ್ತು ನಿಮಿಷ ಕೂರುತ್ತಿರಲಿಲ್ಲ.

ನಮ್ಮಲ್ಲಿ ಹಳ್ಳಿಗಳಿಗೆ ಹೋಗಿ ವಿಶ್ವಾಸಿಗಳ ಮನೆಯಲ್ಲಿ ಪ್ರಾರ್ಥನೆ ಮಾಡುವ ರೂಢಿ ಇದೆ. ಪ್ರಾರ್ಥನೆಗಳೆಲ್ಲ ಮುಗಿದ ಮೇಲೆ ಕೊನೆಯ ಮನೆಯವರು ಊಟಕ್ಕೆ ಬಡಿಸುತ್ತಾರೆ, ಉಣ್ಣದೆ ಏಳುವ ಪದ್ಧತಿ ಇಲ್ಲ. ಆಗ ಮೈಸೂರು ಕಡೆಯಿಂದ ಹೊಸ ಪಾಸ್ಟರು ಬಂದಿದ್ದರು. ಅವರನ್ನು ಜೀಪಿನಲ್ಲಿ ಔರಾದ ತಾಲೂಕಿನ ಡಾಬಕಾಕ್ಕೆ ಕರೆದುಕೊಂಡು ಹೋದೆವು. ಪಟ್ಟಿಯಲ್ಲಿ ಕೊನೆಯ ಮನೆ ನಾನು ಹೇಳಿದ ಆ ಹೆಂಗಸಿನದು. ತಗಡಿನ ಮನೆ, ಒಳಗೇ ಒಂದು ಮೂಲೆಯಲ್ಲಿ ಆಡು ಕಟ್ಟಿತ್ತು. ಅವಳ ಸೀರೆಗೆ ಹೆಗಲ ಮೇಲೆ ಬೇರೆ ಬಣ್ಣದ ತೇಪೆ. ನಾವು ಬರುತ್ತೇವೆಂದು ಮೊಟ್ಟೆ ಇಡುವ ಕೋಳಿಯನ್ನೇ ಕೊಯ್ದು ಸಾರು ಮಾಡಿದ್ದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಪಾಸ್ಟರ ಪಕ್ಕ ಕೂತಿದ್ದ ನನಗೆ ಆ ಮನೆಯಿಂದ ಬೇಗ ಎದ್ದು ಹೋದರೆ ಸಾಕಾಗಿತ್ತು.

"ಕೈ ತೊಳಕೋರಿ. ರೊಟ್ಟಿ ಬಿಸಿ ಅವ," ಎಂದಳು.

"ಬ್ಯಾಡವ್ವಾ," ಎಂದೆ. "ಇವತ್ತ ನಮ್ಮೆಲ್ಲಾರದು ಉಪವಾಸ ಪ್ರಾರ್ಥನಾ ಅದ."

ಅವಳು ನನ್ನ ಮುಖವನ್ನೇ ನೋಡಿದಳು. ಬಾಗಿಲಲ್ಲಿದ್ದ ಸೊಸೆ ಏನೋ ಹೇಳಲು ಬಾಯಿ ತೆರೆದಳು.

"ನೀ ಹೋಗು, ಆಡಿಗಿ ನೀರ ತಗೊಂಡ ಬಾ," ಎಂದು ಅವಳನ್ನು ಹೊರಗೆ ಕಳಿಸಿ, ನನ್ನ ಕಡೆ ತಿರುಗಿ, "ಆಗಲ್ರಿ ಸಾಹೇಬ್ರ, ದೇವರ ಕೆಲಸ," ಎಂದಳು. ರೊಟ್ಟಿಯ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದಳು. ಅಲ್ಲಿಯವರೆಗೆ ಅವಳು ನನ್ನನ್ನು ಒಮ್ಮೆಯೂ ಸಾಹೇಬ ಎಂದು ಕರೆದಿರಲಿಲ್ಲ. ನನಗೆ ಬೇಕಾದದ್ದೇನೆಂದು ತಿಳಿದುಕೊಂಡು ಕೊಟ್ಟಳು.

ಜೀಪು ಹತ್ತಿದ ಮೇಲೆ ಪಾಸ್ಟರು, "ಏನ್ರೀ ಇದು, ಉಪವಾಸ ಅಂತ ಬೆಳಿಗ್ಗೇನೇ ಹೇಳ್ಬಾರ್ದಾ? ನಾನು ಮೂರು ಇಡ್ಲಿ ತಿಂದು ಬಂದಿದೀನಿ!" ಎಂದರು.

"ಉಪವಾಸ ಏನೂ ಇಲ್ರಿ. ಅಲ್ಲಿ ಸ್ವಚ್ಛ ಇರಾಂಗಿಲ್ಲ, ಅದಕ್ಕ ಅಂದೆ."

"ಆಯಮ್ಮ ನಿಮಗೆ ಗೊತ್ತಿರೋರಾ?"

"ಇಲ್ರಿ. ಸಭಾದಾಕಿ ಒಬ್ಬಾಕಿ."

ಔರಾದಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಪೂರಿ ತಿಂದೆವು. ನಾನು ಎರಡು ಪ್ಲೇಟು ತಿಂದೆ.

ಕೆಲವು ವರ್ಷಗಳ ನಂತರ ಚರ್ಚಿನಿಂದ ಏಳು ಮಂದಿ ನೇಪಾಳಕ್ಕೆ ಹೋದೆವು. ಗುಡ್ಡದ ಊರೊಂದರಲ್ಲಿ ಭೂಕಂಪಕ್ಕೆ ಬಿದ್ದ ಶಾಲೆಯ ಗೋಡೆ ಕಟ್ಟಲು ಕೈಜೋಡಿಸುವ ಸೇವೆ. ಹೊರಡುವ ದಿನ ಹಾರ ಹಾಕಿದರು. ನಿಜ ಹೇಳಿದರೆ, ನಾನು ಹೊರಟದ್ದರಲ್ಲಿ ಆ ಹಾರದ ಪಾಲು ದೊಡ್ಡದು. ಅಲ್ಲಿ ಹೋದ ಮೇಲೆ ನನ್ನ ಮೊಣಕಾಲು ಆ ಏರಿನಲ್ಲಿ ಕಲ್ಲು ಹೊರಲು ಒಪ್ಪಲಿಲ್ಲ. ಒಲೆಯ ಮುಂದೆ ಕೂರಿಸಿದರು. ಮನೆಯಲ್ಲಿ ಒಂದು ಲೋಟ ತೊಳೆದವನಲ್ಲ ನಾನು. ಅರವತ್ತೇಳನೇ ವಯಸ್ಸಿನಲ್ಲಿ, ಊರಿಂದ ಹೊತ್ತು ತಂದಿದ್ದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಕಲಿತೆ. ಕಲಿಸಿದವರು ನಮ್ಮ ಜೊತೆ ಬಂದಿದ್ದ ಭಾಲ್ಕಿಯ ನಿವೃತ್ತ ನರ್ಸ್. ಅವರನ್ನು ಎಲ್ಲರೂ ಸಿಸ್ಟರ್ ಎನ್ನುತ್ತಿದ್ದೆವು.

"ಅಣ್ಣಾರ, ಇದು ರೊಟ್ಟಿ ಏನ್ರಿ, ನಕಾಶಿ ಏನ್ರಿ?"

"ಬೀದರ ಜಿಲ್ಲಾದ ನಕಾಶಿ ಅಂತ ತಿಳಕೊಂಡು ತಿನ್ರಿ."

"ಹಾಂಗಾದ್ರ ಔರಾದ ತಾಲೂಕ ಸುಟ್ಟದ ನೋಡ್ರಿ."

ಗೋಡೆ ಕಟ್ಟುತ್ತಿದ್ದ ಗೌಂಡಿ ಆ ಊರಿನವನೇ, ನನ್ನದೇ ವಯಸ್ಸು. ಮುಂಬಯಿಯಲ್ಲಿ ಬಹಳ ವರ್ಷ ವಾಚ್‌ಮನ್ ಆಗಿದ್ದರಿಂದ ಅವನಿಗೆ ಹಿಂದಿ ಬರುತ್ತಿತ್ತು. ಮೊದಲ ಸಲ ರೊಟ್ಟಿ ದುಂಡಗೆ ಬಂದ ದಿನ ನಾಲ್ಕು ರೊಟ್ಟಿ, ಮೇಲೆ ಕಡಲೆಹಿಟ್ಟಿನ ಝುಣಕ ಹಾಕಿ, ಅವನ ಮುಂದೆ ಹಿಡಿದೆ. ಅವನು ಎದೆಯ ಮೇಲೆ ಕೈಯಿಟ್ಟು, "ಆಜ್ ಉಪವಾಸ್ ಹೈ, ಭಾಯಿ," ಎಂದು ಮತ್ತೆ ಕಲ್ಲು ಎತ್ತಲು ಹೋದ.

ನನಗೆ ಮೈಯೆಲ್ಲ ಉರಿಯಿತು. ಒಲೆಯ ಹತ್ತಿರ ಬಂದು ತಟ್ಟೆಯನ್ನು ಕುಕ್ಕಿದೆ.

"ಸುಳ್ಳ ಹೇಳ್ತಾನ್ರಿ ಸಿಸ್ಟರ್. ನಮ್ಮ ಕೈಯಾಂದು ಅವನಿಗಿ ಸೇರೂದಿಲ್ಲ."

"ಅವರೊಳಗ ಇವತ್ತ ಏಕಾದಶಿ ಇರಬಹುದ್ರಿ. ಸುಳ್ಳಂತ ನಿಮಗ ಹ್ಯಾಂಗ ಗೊತ್ತು?"

"ನಾನೂ ಹಿಂಗೇ ಹೇಳೀನ್ರಿ ಒಂದಸಲ!"

ಬಾಯಿಂದ ಬಂದುಬಿಟ್ಟಿತು. ಸಿಸ್ಟರ್ ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

"ಯಾರಿಗ್ರಿ?"

ನಾನು ಕೊಳವೆ ತೆಗೆದುಕೊಂಡು ಒಲೆ ಊದತೊಡಗಿದೆ.

"ಒಲಿ ಛಂದ ಉರಿಲಿಕತ್ತದ, ಊದಬ್ಯಾಡ್ರಿ. ಯಾರಿಗಿ ಹೇಳೀರಿ?"

ಡಾಬಕಾದ ಕಥೆಯನ್ನೆಲ್ಲ ಹೇಳಿದೆ. ಪೂರಿಯನ್ನೂ ಬಿಡಲಿಲ್ಲ. ಅವಳು ಯಾರು ಎಂಬುದನ್ನು ಮಾತ್ರ ಆಗಲೂ ನುಂಗಿಕೊಂಡೆ. ಸಿಸ್ಟರ್ ಉಪದೇಶ ಮಾಡಲಿಲ್ಲ. "ಅಷ್ಟೂ ಸಾರು ಅಕಿ ಏನ್ ಮಾಡಿರಬೇಕ್ರಿ?" ಎಂದಷ್ಟೇ ಕೇಳಿದರು. ಅಲ್ಲಿಯವರೆಗೆ ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಚಹಾಕ್ಕೆ ಎಲ್ಲರಿಗಿಂತ ಮೊದಲು ಗೌಂಡಿ ಬಂದ. ನಿನ್ನೆಯ ತನ್ನ ಪಾಲು ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದ. ಹಿಂದಿನ ದಿನ ಬೆಳಗಿನಿಂದ ಸಂಜೆಯವರೆಗೆ ಕಲ್ಲು ಹೊತ್ತವನು ಒಂದು ಅಗಳು ಮುಟ್ಟಿರಲಿಲ್ಲ. ಅವನ ಉಪವಾಸ ನಿಜವಾದದ್ದು. ನನಗೆ ಸುಳ್ಳು ಉಪವಾಸ ಮಾತ್ರ ಗೊತ್ತಿದ್ದರಿಂದ ಅವನದೂ ಸುಳ್ಳಾಗಿ ಕಂಡಿತ್ತು. ಸಿಸ್ಟರ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ರೊಟ್ಟಿ ಕೊಟ್ಟರು. ಹಪ್ಪಳದಂತೆ ಒಣಗಿದ್ದವು. ಚಹಾದಲ್ಲಿ ಅದ್ದಿ, ನಾಲ್ಕನ್ನೂ ತಿಂದು, ಇನ್ನೊಂದು ಇದೆಯೇ ಎಂದ. ಧನ್ಯವಾದ ಹೇಳಲಿಲ್ಲ, ಚೆನ್ನಾಗಿದೆ ಎನ್ನಲೂ ಇಲ್ಲ. ಕೈ ಒರೆಸಿಕೊಂಡು ಕೆಲಸಕ್ಕೆ ಹೋದ.

ಆ ಸಂಜೆ ನನ್ನ ಪ್ರಾರ್ಥನೆ ಅರ್ಧ ನಿಮಿಷವೂ ಇರಲಿಲ್ಲ. "ದೇವರೇ, ಗೌಂಡಿ ನನ್ನ ರೊಟ್ಟಿ ತಿಂದ. ನಿನಗೆ ಸ್ತೋತ್ರ," ಎಂದೆ. ಎಲ್ಲರೂ ನಕ್ಕರು. ಮರುದಿನವೂ ಹಾಗೆಯೇ ಮಾಡಿದೆ. ನಾನು ಏಳುವುದರೊಳಗೆ ಡ್ರಮ್ಮಿಗೆ ನೀರು ತುಂಬಿಸಿದವರಿಗಾಗಿ, ಹೇಳದೆ ಕೇಳದೆ ಒಲೆಯ ಪಕ್ಕ ಮೂಲಂಗಿ ಇಟ್ಟು ಹೋದ ಮುದುಕಿಗಾಗಿ, ರೊಟ್ಟಿ ಸುಟ್ಟಾಗ ಸಿಸ್ಟರ್ ಬೈದದ್ದಕ್ಕಾಗಿಯೂ ಸ್ತೋತ್ರ ಹೇಳಿದೆ. ಅಷ್ಟು ವರ್ಷ ವಂದನೆ ಎಂದರೆ ಭಾನುವಾರ ನಿಂತು ಹೇಳುವ ದೊಡ್ಡ ಮಾತು ಎಂದುಕೊಂಡಿದ್ದೆ. ಒಬ್ಬರು ಕೊಟ್ಟದ್ದನ್ನು ಅವರ ಮುಂದೆಯೇ ಕೂತು ಹೊಟ್ಟೆ ತುಂಬ ಉಣ್ಣುವುದೇ ಅವರಿಗೆ ಸಲ್ಲುವ ವಂದನೆ. ಇದನ್ನು ನಾನು ಯಾವ ಅನುಮಾನವೂ ಇಲ್ಲದೆ ಹೇಳಬಲ್ಲೆ.

ಊರಿಗೆ ಬಂದು ಎರಡು ಸಲ ಡಾಬಕಾಕ್ಕೆ ಒಬ್ಬನೇ ಹೋದೆ. ಪುಂಡಿ ಪಲ್ಯ, ರೊಟ್ಟಿ ಹಾಕಿದಳು, ಉಂಡೆ. "ಅಲ್ಲೀ ಮಂದಿನೂ ಜ್ವಾಳದ ರೊಟ್ಟಿ ಉಣ್ತಾರೇನೋ?" ಎಂದು ಕೇಳಿದಳು. ಎರಡೂ ಸಲ ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಎರಡೂ ಸಲ ರೊಟ್ಟಿಗೆ ಇನ್ನಷ್ಟು ಶೇಂಗಾ ಹಿಂಡಿ ಹಾಕು ಎಂದೆ. ಸಿಸ್ಟರ್ ಫೋನಿನಲ್ಲಿ ಬಿಡಲಿಲ್ಲ.

"ಹೇಳಿದಿರೇನ್ರಿ ಅಣ್ಣಾರ?"

"ಉಂಡ ಬಂದೀನ್ರಿ."

"ಉಂಡ್ರ ಹೇಳಿದಾಂಗ ಆಗ್ತದೇನ್ರಿ?"

ಆಗುವುದಿಲ್ಲ. ಅದಕ್ಕೇ ಈ ಕಾಗದ. ಶನಿವಾರ ಬೆಳಿಗ್ಗೆ ಔರಾದ ಬಸ್ಸು ಹಿಡಿದು ಹೋಗಿ ಅವಳ ಮುಂದೆ ಓದುತ್ತೇನೆ. ಅವಳಿಗೆ ಓದು ಬರುವುದಿಲ್ಲ. ಭಾನುವಾರ ಚರ್ಚಿನಲ್ಲಿ, ನನ್ನನ್ನು ಹಿರಿಯ ಎಂದು ನಂಬಿದವರ ಮುಂದೆ ಓದುತ್ತೇನೆ. ಅವ್ವ ತೀರಿಕೊಂಡಾಗ ನನಗೆ ಮೂರು ವರ್ಷ, ಅವಳಿಗೆ ಹನ್ನೊಂದು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ನಾನು ಭಾಲ್ಕಿಯಲ್ಲಿ ಓದುವಾಗ ಕೂಲಿಗೆ ಹೋಗಿ ಬುತ್ತಿ ಕಳಿಸಿದಳು. ಅವಳು ನನ್ನ ಅಕ್ಕ, ಒಡಹುಟ್ಟಿದ ಅಕ್ಕ.